ಮಾನಿಟರ್ ಕೇಬಲ್‌ನಲ್ಲಿ ವಾಲ್ವ್ ಆಂಪ್: ನನ್ನ ಅನುಭವ

ನನ್ನ 50 ವ್ಯಾಟ್ ವಾಲ್ವ್ ಆಂಪ್‌ನ (ಗಾಜಿನ ನಿರ್ವಾತ ನಳಿಕೆಗಳಿರುವ ಗಿಟಾರ್ ಆಂಪ್ಲಿಫೈಯರ್) ಮೂಲ ಪವರ್ ಕೇಬಲ್ ಕಳೆದುಹೋದಾಗ, ಕಂಪ್ಯೂಟರ್ ಮಾನಿಟರ್‌ನ ಕೇಬಲ್ ಹಾಕಿಯೇ ನುಡಿಸುತ್ತೇನೆಂದು ಹೇಳಿದ್ದಕ್ಕೆ ನಮ್ಮ ತಂಡದಲ್ಲಿ ಒಬ್ಬರೂ ಒಪ್ಪಲಿಲ್ಲ. ಆಂಪ್ ಸುಟ್ಟುಹೋದರೆ ಹೊಸದನ್ನು ಕೊಡಿಸುವವರು ಯಾರು ಎಂದು ಡ್ರಮ್ ನುಡಿಸುವ ಗೆಳೆಯ ಕೇಳಿದ. ಅಂಥದೇ ಕೇಬಲ್‌ನಲ್ಲಿ ಆಂಪ್ ಈಗ ಹೆಚ್ಚುಕಡಿಮೆ ಎರಡು ವರ್ಷದಿಂದ ನಡೆಯುತ್ತಿದೆ.

ಆಂಪ್‌ನ ಹಿಂಬದಿಯಲ್ಲಿರುವ ಮೂರು ಪಿನ್‌ನ ಪವರ್ ಸಾಕೆಟ್‌ಗೆ ಸಿ14 ಎಂದೂ ಅದರೊಳಗೆ ಕೂರುವ ಮಾನಿಟರ್ ಕೇಬಲ್‌ನ ತುದಿಗೆ ಸಿ13 ಎಂದೂ ಹೆಸರು, ಎರಡೂ 10 ಆಂಪಿಯರ್‌ವರೆಗೆ ತಾಳುವಂಥವು. ನನ್ನ ಆಂಪ್ 230 ವೋಲ್ಟ್‌ನಲ್ಲಿ ಎಷ್ಟೇ ಜೋರಾಗಿ ನುಡಿಸಿದರೂ ಒಂದು ಆಂಪಿಯರ್ ಮುಟ್ಟಿದ್ದನ್ನು ನಾನು ಕಂಡಿಲ್ಲ. ಲೆಕ್ಕ ಇಷ್ಟು ಸರಳವಾಗಿದ್ದರೂ ಎರಡು ಬಾರಿ ಸೋತೆ.

ಮೊದಲು ಹಾಕಿದ್ದು ಹಳೆಯ ಡಬ್ಬಿಯಲ್ಲಿ ಬಿದ್ದಿದ್ದ ಕೇಬಲ್. ಆಂಪ್ ಆನ್ ಆಯಿತು, ಆದರೆ ಹಮ್ (ಸ್ಪೀಕರ್‌ನ ಗುಂಯ್ ಸದ್ದು) ವಿಪರೀತವಾಗಿತ್ತು ಮತ್ತು ಗಿಟಾರ್‌ನ ತಂತಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ತಕ್ಷಣ ಕಿತ್ತು ಮಲ್ಟಿಮೀಟರ್ ಹಿಡಿದು ನೋಡಿದರೆ, ಪಿನ್ ಮೂರಿದ್ದರೂ ಒಳಗೆ ಅರ್ಥ್ ವೈರೇ ಇರಲಿಲ್ಲ. ಅಂದಿನಿಂದ ಮೀಟರ್ ಹಿಡಿಯದೆ ಯಾವ ಕೇಬಲನ್ನೂ ಆಂಪ್‌ಗೆ ಹಾಕಿಲ್ಲ. ಎರಡನೆಯ ಬಾರಿ, ಅಗ್ಗಕ್ಕೆ ಸಿಕ್ಕಿತೆಂದು ಒಟ್ಟಿಗೆ ಮೂರು ಕೇಬಲ್ ಕೊಂಡೆ. ಅರ್ಥ್ ಸರಿಯಿತ್ತು, ಆದರೆ ಕನೆಕ್ಟರ್ ಸಡಿಲ. ಕ್ಯಾಬಿನೆಟ್‌ನ ಅದುರಿಗೆ ಅದು ಜಾರಿ, ಅಭ್ಯಾಸದ ನಡುವೆ ಆಂಪ್ ಆರುತ್ತಿತ್ತು. ಆ ಮೂರಕ್ಕೆ ಸುರಿದ ಹಣದಲ್ಲಿ ಒಂದು ಗಟ್ಟಿ ಕೇಬಲ್ ಬರುತ್ತಿತ್ತು ಎಂಬ ಸಂಕಟ ಇನ್ನೂ ಇದೆ.

ಕೊನೆಗೆ ಗೆದ್ದದ್ದು ಹೊದಿಕೆಯ ಮೇಲೆ 3 × 1.0 (ಒಂದೊಂದೂ 1 ಚದರ ಮಿ.ಮೀ. ದಪ್ಪದ ಮೂರು ವೈರ್) ಎಂದು ಅಚ್ಚಾಗಿದ್ದ, ಕೆಟ್ಟ ಮಾನಿಟರ್‌ನಿಂದ ತೆಗೆದ ಕೇಬಲ್. ಅದರ ಅಚ್ಚಿನ ಪ್ಲಗ್ ಕತ್ತರಿಸಿ, ಸ್ಕ್ರೂ ಇರುವ ಪ್ಲಗ್ ಹಾಕಿದೆ; ಎಳೆದಾಗ ಅರ್ಥ್ ಕೊನೆಗೆ ಕಿತ್ತುಬರಲಿ ಎಂದು ಆ ವೈರನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಟ್ಟೆ. ಸಿ13 ಜಾರದಂತೆ ಹಿಡಿಸಲು ಮಾಡಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾಲ್ಕು ತಿಂಗಳು ಹಿಡಿದಿದೆ. ಒಟ್ಟು ಖರ್ಚು, ಮೂಲ ಕೇಬಲ್‌ಗೆ ಕೇಳಿದ ಬೆಲೆಯ ಎಂಟನೇ ಒಂದು ಪಾಲಿರಬಹುದು.

ದುಬಾರಿ ದಪ್ಪ ಕೇಬಲ್‌ನಲ್ಲಿ ನಾದವೇ ಬೇರೆ ಎಂದು ವಾದಿಸುತ್ತಿದ್ದ ಗೆಳೆಯನನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಹತ್ತು ಸುತ್ತು ಕೇಳಿಸಿದೆ. ಅವನು ಸರಿ ಹೇಳಿದ್ದು ಐದೋ ಆರೋ. ಐದು ಮೀಟರ್ ಉದ್ದದಲ್ಲೂ ನಷ್ಟವಾಗುವುದು ಕಾಲು ವೋಲ್ಟ್‌ಗಿಂತ ಕಡಿಮೆ ಎಂದ ಮೇಲೆ ಕಿವಿಗೆ ಸಿಗಬೇಕಾದ್ದೇನು? ಉಳಿದಿದ್ದ ಹಮ್ ತಗ್ಗಿದ್ದು, ಪವರ್ ಕೇಬಲನ್ನು ಗಿಟಾರ್ ಕೇಬಲ್‌ನ ಪಕ್ಕದಲ್ಲಿ ಹಾಯಿಸದೆ ಅಡ್ಡವಾಗಿ ದಾಟಿಸಿದಾಗ ಮತ್ತು ಪೆಡಲ್‌ಗಳ ಅಡಾಪ್ಟರನ್ನು ಆಂಪ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್‌ಗೇ ಹಾಕಿದಾಗ. ಅರ್ಥ್ ಕತ್ತರಿಸಿದರೆ ಹಮ್ ಹೋಗುತ್ತದೆ ಎಂದವರಿಗೆ ನನ್ನ ಬೆರಳು ಜುಮ್ಮೆಂದ ಕಥೆಯನ್ನೇ ಹೇಳುತ್ತೇನೆ.