ಮೊದಲು ಆಫರ್ ಲೆಟರ್, ಆಮೇಲೆ ಅವೀರ್: ನನ್ನ ಅನುಭವ

2024ರ ಸೆಪ್ಟೆಂಬರ್ 1ಕ್ಕೆ ಯುಎಇಯಲ್ಲಿ ಆಮ್ನೆಸ್ಟಿ (ವೀಸಾ ಮುಗಿದೂ ಉಳಿದವರಿಗೆ ದಂಡ ಮನ್ನಾ ಮಾಡುವ ಅವಕಾಶ) ಶುರುವಾದಾಗ ನಮ್ಮ ಸಂಘದ ಹಿರಿಯರೊಬ್ಬರು, "ಖಲ್ಲಿವಲ್ಲಿ (ವೀಸಾ ಇಲ್ಲದೆ ಅಡಗಿರುವವ) ಆದವನಿಗೆ ಯಾರು ಕೆಲಸ ಕೊಡ್ತಾರೆ ಮಾರಾಯ? ಔಟ್ ಪಾಸ್ (ದೇಶ ಬಿಡಲು ಕೊಡುವ ಪರವಾನಗಿ) ಮಾಡಿಸಿ ಊರಿಗೆ ಕಳಿಸು, ಪುಣ್ಯ ಬರ್ತದೆ" ಅಂದರು. ಡಿಸೆಂಬರ್ 31ಕ್ಕೆ ಅವಧಿ ಮುಗಿಯುವಾಗ ನಾನು ಯಾರಿಗಾಗಿ ಓಡಾಡಿದೆನೋ ಆ ಸುಮಾರು 40 ಜನರಲ್ಲಿ 25–26 ಮಂದಿ ಹೊಸ ವೀಸಾ ಹೊಡೆಸಿಕೊಂಡು ಇಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ದುಬೈಯಲ್ಲಿ ನಮ್ಮವರಲ್ಲಿ ಇಷ್ಟು ಯಾರೂ ಮಾಡಿಸಿಲ್ಲ ಎಂದೇ ನನ್ನ ನಂಬಿಕೆ.

2018ರಲ್ಲಿ ಕೈ ಸುಟ್ಟುಕೊಂಡಿದ್ದೆ. ಆಗಿನ ಆಮ್ನೆಸ್ಟಿಯಲ್ಲಿ ಕೆಲಸ ಹುಡುಕಲು ಆರು ತಿಂಗಳ ವೀಸಾ ಕೊಡುತ್ತಿದ್ದರು. ಐದು ಹುಡುಗರಿಗೆ ನನ್ನ ಜೇಬಿನಿಂದ ಅರ್ಜಿ ಟೈಪಿಂಗ್ ಖರ್ಚು ಹಾಕಿ ಮಾಡಿಸಿದೆ. ಮೂವರಿಗೆ ಕೆಲಸ ಸಿಗದೆ ಮತ್ತೆ ಖಲ್ಲಿವಲ್ಲಿ. ಊರಿಗೆ ಹೊರಟ ಇನ್ನೊಬ್ಬ ಏರ್‌ಪೋರ್ಟ್ ಬಾಗಿಲಿಂದ ವಾಪಸ್ ಓಡಿದ, ಟಿಕೆಟಿನ 700 ದಿರ್ಹಮ್ ಹೋಯಿತು. ಚೆನ್ನಾಗಿ ಬೈದೆ, ಇವತ್ತಿಗೂ ಅದರ ಬೇಸರ ಹೋಗಿಲ್ಲ. ಏಜೆಂಟನಿಗೆ ಕೊಡಲು ಮಾಡಿದ ಸಾಲಕ್ಕೆ ಊರಲ್ಲಿ ಬಡ್ಡಿ ಬೆಳೆಯುತ್ತಿರುವಾಗ ಬರಿಗೈಲಿ ಹೇಗೆ ಹೋಗುತ್ತಾನೆ? ದಂಡ ಮನ್ನಾ ಎಂದರೆ ಸಾಕು, ಅಡಗಿದವರೆಲ್ಲ ಓಡಿ ಬರುತ್ತಾರೆ ಎಂದು ನಾವು ತಿಳಿದಿದ್ದೇ ತಪ್ಪು.

ಈ ಸಲ ಉಲ್ಟಾ ಮಾಡಿದೆ: ಮೊದಲು ಕೆಲಸ, ಆಮೇಲೆ ಕಾಗದ. ಆಗಸ್ಟಿನಲ್ಲಿ ಘೋಷಣೆ ಬಂದ ವಾರವೇ ದುಬೈಯ ಅಲ್ ಕೂಜ್, ಸೋನಾಪುರದ ಸಣ್ಣ ಕಾಂಟ್ರಾಕ್ಟರುಗಳ ಬಾಗಿಲು ತಟ್ಟಿದೆ. ನನ್ನ ವಾದ ಇಷ್ಟು: ಊರಿಂದ ಹೊಸಬನನ್ನು ಕರೆಸಿದರೆ ಟಿಕೆಟ್ಟು, ಕಲಿಸುವ ಎರಡು ತಿಂಗಳು, ಎಲ್ಲ ನಿಮ್ಮ ತಲೆಗೆ; ಇಲ್ಲೇ ಇರುವ ಇವನಿಗೆ ಕೆಲಸ ಗೊತ್ತು, ಆಬ್‌ಸ್ಕಾಂಡಿಂಗ್ ಕೇಸ್ (ಓಡಿಹೋದ ಎಂದು ಹಳೇ ಮಾಲೀಕ ಹಾಕಿದ ದೂರು) ಆಮ್ನೆಸ್ಟಿಯಲ್ಲಿ ಅಳಿಯುತ್ತದೆ, ಬ್ಯಾನ್ ಇಲ್ಲ. ಯಾವ ಮಾಲೀಕರನ್ನು ಆರಿಸಿದೆ, ಕೊನೆಗೆ ಯಾವ ಮಾತಿಗೆ ಅವರು ಒಪ್ಪಿದರು ಎಂಬುದನ್ನು ಮಾತ್ರ ಬರೆಯುವುದಿಲ್ಲ, ನನಗೆ ಮುಂದೆಯೂ ಬೇಕು.

ಕುಂದಾಪುರ ಕಡೆಯ ಶಟರಿಂಗ್ ಕಾರ್ಪೆಂಟರ್ ಒಬ್ಬ ದುಬೈಯ ಸತ್ವಾದಲ್ಲಿ ಬೆಡ್ ಸ್ಪೇಸಿನಲ್ಲಿ (ಹಂಚಿಕೊಂಡ ಕೋಣೆಯ ಬಾಡಿಗೆ ಹಾಸಿಗೆ) ಎರಡು ವರ್ಷದಿಂದ ಅಡಗಿದ್ದ. ದಿನಕ್ಕೆ 50 ದಿರ್ಹಮ್ ದಂಡ, 36 ಸಾವಿರ ದಾಟಿತ್ತು, ನಮ್ಮ ದುಡ್ಡಲ್ಲಿ ಎಂಟು ಲಕ್ಷ. ಪಾಸ್‌ಪೋರ್ಟು ಹಳೇ ಅರಬಾಬನ (ಮಾಲೀಕನ) ಹತ್ತಿರವೇ ಉಳಿದಿತ್ತು. ಅದರ ಜೆರಾಕ್ಸನ್ನು ಅವನ ಅಮ್ಮ ದೇವರ ಫೋಟೋದ ಹಿಂದೆ ಇಟ್ಟಿದ್ದರು. ಪಕ್ಕದ ಮನೆಯ ಹುಡುಗಿ ಫೋಟೋ ತೆಗೆದು ಕಳಿಸಿದಳು. ಮೇಲೆಲ್ಲ ಕುಂಕುಮದ ಕಲೆ, ನಂಬರ್ ಮಾತ್ರ ಸ್ಪಷ್ಟ. ಅಷ್ಟನ್ನೇ ಇಟ್ಟುಕೊಂಡು ಹೊಸ ಪಾಸ್‌ಪೋರ್ಟ್ ಮಾಡಿಸಿದೆವು. ಆಮ್ನೆಸ್ಟಿ ಅರ್ಜಿ ನೋಡುತ್ತಿದ್ದ ಅಲ್ ಅವೀರ್ ಟೆಂಟಿನಲ್ಲಿ ಅಧಿಕಾರಿ ಕಂಪ್ಯೂಟರ್ ನೋಡಿ "ಖಲಾಸ್", ಅಂದರೆ ದಂಡವೆಲ್ಲ ಮುಗಿಯಿತು, ಅಂದಾಗ ಆ ಮನುಷ್ಯ ಅಲ್ಲೇ ನೆಲಕ್ಕೆ ಕೂತುಬಿಟ್ಟ.

ನಡುವೆ ಇನ್ನೊಂದು ಪ್ರಯೋಗ. ತುಳು, ಬ್ಯಾರಿ, ಕುಂದಾಪ್ರ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಬಿಟ್ಟೆ. ನನ್ನ ದನಿಗೆ ಮೂರೋ ನಾಲ್ಕೋ ಕರೆ. ಮನೆಗೆಲಸದ ಅಕ್ಕ ಒಬ್ಬರು ತಮ್ಮ ವೀಸಾ ಆದ ಕಥೆಯನ್ನು ತಾವೇ ಹೇಳಿದ ಮೇಲೆ ಒಂದೇ ವಾರಕ್ಕೆ ಇಪ್ಪತ್ತರ ಹತ್ತಿರ.

ಊರಿಗೆ ಹೋದವರು ಹನ್ನೆರಡು ಮಂದಿ. ಟಿಕೆಟ್ ದುಡ್ಡನ್ನು ದಾನವಾಗಿ ಕೊಡದೆ ಸಾಲವಾಗಿ ಕೊಟ್ಟೆ, ಒಟ್ಟು ಎಂಟು ಸಾವಿರ ದಿರ್ಹಮ್ ಆಗಿರಬೇಕು. ಒಂಬತ್ತು ಮಂದಿ ತೀರಿಸಿದರು. ಉಳಿದವರನ್ನು ಕೇಳಿಲ್ಲ, ಒಬ್ಬನಿಗೆ ಡಯಾಲಿಸಿಸ್ ನಡೆಯುತ್ತಿದೆ.

ಸಂಬಳ ಕೊಡದ, ಪಾಸ್‌ಪೋರ್ಟ್ ಹಿಡಿದಿಟ್ಟ ಮಾಲೀಕನಿಂದ ಓಡಿದವನ ತಪ್ಪೇನು? ಅಂಥವರಿಗೆ ಈ ದಾರಿ ವರ್ಷವಿಡೀ ಇರಬೇಕು, ನಾಲ್ಕು ತಿಂಗಳಿಗೆ ಮುಗಿಯಬಾರದು. ಕೊನೇ ವಾರ ಟೆಂಟಿನ ಹೊರಗಿನ ಸಾಲು ನೋಡಿದವರಿಗೆ ಇದು ಗೊತ್ತು.

ಬ್ಯಾಂಕ್ ಸಾಲದ ಕೇಸ್ ಇರುವ ಇಬ್ಬರು ಉಳಿದಿದ್ದಾರೆ, ಆಮ್ನೆಸ್ಟಿ ಅದಕ್ಕೆ ಅನ್ವಯಿಸಲಿಲ್ಲ. ಒಬ್ಬನ ಬ್ಯಾಂಕಿನವರು ತಿಂಗಳಿಗೆ 600ರ ಕಂತಿಗೆ ಒಪ್ಪಿದ್ದಾರೆ. ಇನ್ನೊಬ್ಬನ ಕಾಗದ ನನ್ನ ಕಾರಲ್ಲೇ ಇದೆ, ಸೋಮವಾರ ಹೋಗಬೇಕು.