ಲಕ್ಷ ಅಂದರು, ನಾನು ಎಣಿಸಲು ನಿಂತೆ

ವರದಿಗಾರನಾಗಿ ನಾನು ಬರೆದ ಮೊದಲ ಪ್ರತಿಭಟನಾ ಮೆರವಣಿಗೆಯ ಸುದ್ದಿಯಲ್ಲಿ ಜನರ ಲೆಕ್ಕ ಮೂರು ಪಟ್ಟು ಜಾಸ್ತಿ ಇತ್ತು. ಬಾಯಿಗೆ ಬಂದಿದ್ದನ್ನು ಬರೆದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಕಾಗದದ ಮೇಲೆ ಗುಣಾಕಾರ ಮಾಡಿಯೇ ಬರೆದಿದ್ದೆ.

ಆಗ ನನಗೆ ಗೊತ್ತಿದ್ದದ್ದು ಒಂದೇ ದಾರಿ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಅಲ್ಲಿನ ವಿದ್ಯಾರ್ಥಿಗಳ ಪ್ರತಿಭಟನೆಗಳನ್ನು ನೋಡಿ ಹುಡುಕಿದ್ದು. ಜಾಗವನ್ನು ಚೌಕಗಳಾಗಿ ಹಂಚಿಕೊಳ್ಳಬೇಕು. ಜನ ಸಡಿಲವಾಗಿ ನಿಂತಿದ್ದರೆ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತಿದ್ದರೆ 4.5 ಚದರ ಅಡಿ. ಜಾಗವನ್ನು ಅದರಿಂದ ಭಾಗಿಸಿದರೆ ಜನ ಎಷ್ಟು ಅಂತ ಸಿಗುತ್ತದೆ. ನಾನು ಬ್ಯಾನರ್ ಹಿಡಿದವರ ಪಕ್ಕದಲ್ಲೇ ನಿಂತು, ಅಲ್ಲಿನ ಒತ್ತು ನೋಡಿ, ಅದನ್ನೇ ಮೆರವಣಿಗೆಯ ಉದ್ದಕ್ಕೂ ಎಳೆದುಬಿಟ್ಟೆ.

ಮರುದಿನ ಯಾರೋ ಮಹಡಿ ಮೇಲಿಂದ ತೆಗೆದ ಫೋಟೋ ಕಣ್ಣಿಗೆ ಬಿತ್ತು. ಮುಂದಿನ ಐವತ್ತು ಮೀಟರ್ ಬಿಟ್ಟರೆ ಉಳಿದದ್ದೆಲ್ಲ ಗುಂಪು ಗುಂಪು, ನಡುವೆ ಖಾಲಿ ರಸ್ತೆ. ಮೆರವಣಿಗೆಯ ತಲೆ ಯಾವಾಗಲೂ ದಪ್ಪ, ಬಾಲ ಯಾವಾಗಲೂ ತೆಳು. ಮುಖಂಡರು, ಕ್ಯಾಮೆರಾ, ಘೋಷಣೆ ಎಲ್ಲ ಮುಂದೇ ಇರುತ್ತವೆ. ನಾವು ವರದಿಗಾರರೂ ಅಲ್ಲೇ ಇರುತ್ತೇವೆ, ಅಲ್ವಾ?

ಅಷ್ಟೇ ಆಗಿದ್ದರೆ ಹಿಂದೆ ಮುಂದೆ ಓಡಾಡಿ ಸರಾಸರಿ ತೆಗೆದರೆ ಮುಗಿಯುತ್ತಿತ್ತು. ಆದರೆ ಇನ್ನೊಂದು ತೊಡಕಿದೆ. ಜೇಕಬ್ಸ್ ಲೆಕ್ಕ ಕೆರೆಯಂತೆ ನಿಂತ ಜನಕ್ಕೆ. ಮೆರವಣಿಗೆ ಹೊಳೆ. ಫೋಟೋ ತೆಗೆದ ಕ್ಷಣದಲ್ಲಿ ರಸ್ತೆ ಮೇಲೆ ಎಷ್ಟು ಜನ ಇದ್ದರು ಅನ್ನೋದು ಮಾತ್ರ ಅದರಲ್ಲಿ ಸಿಗುತ್ತದೆ. ಬೆಳಿಗ್ಗೆ ಬಂದು ಅರ್ಧಕ್ಕೆ ಮನೆಗೆ ಹೋದವರು, ಕೊನೆಯಲ್ಲಿ ಬಂದು ಸೇರಿಕೊಂಡವರು ಅದರಲ್ಲಿ ಇಲ್ಲ. ಪೊಲೀಸರು ಮತ್ತು ಸಂಘಟಕರು ಕೊಡುವ ಸಂಖ್ಯೆಗಳ ಜಗಳದಲ್ಲಿ ಅರ್ಧ ಪಾಲು ಇದೇ. 2019ರ ಜೂನ್ 16ರ ಹಾಂಗ್‌ಕಾಂಗ್ ಮೆರವಣಿಗೆಗೆ ಸುಮಾರು 20 ಲಕ್ಷ ಜನ ಬಂದಿದ್ದರು ಅಂತ ಸಂಘಟಕರು ಹೇಳಿದರು. ಪೊಲೀಸರ ಸಂಖ್ಯೆ 3,38,000. ಆದರೆ ಪೊಲೀಸರು ಹೇಳಿದ್ದು ಅತಿ ಹೆಚ್ಚು ಜನ ಇದ್ದ ಹೊತ್ತಿನ ಲೆಕ್ಕ. ಸಂಘಟಕರದ್ದು ಇಡೀ ದಿನದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಯಾರು ಸುಳ್ಳು ಅಂತ ಕೇಳಿದರೆ ಉತ್ತರ ಸಿಗೋದಿಲ್ಲ.

ಅದಕ್ಕೇ ನಾನು ಈಗ ಮೆರವಣಿಗೆ ಜೊತೆ ನಡೆಯೋದಿಲ್ಲ. ಒಂದು ಕಡೆ ನಿಂತು ಹೊಳೆ ಹರಿಯುವುದನ್ನು ಎಣಿಸುತ್ತೇನೆ.

ಜಾಗ ಆರಿಸೋದರಲ್ಲೇ ಅರ್ಧ ಕೆಲಸ. ರಸ್ತೆ ದಾಟುವ ಪಾದಚಾರಿ ಸೇತುವೆ ಸಿಕ್ಕರೆ ಅದೃಷ್ಟ. ಕೆಳಗೆ ನಿಂತರೆ ಮೊದಲ ಎರಡು ಸಾಲು ಕಾಣುತ್ತದೆ, ಆಚೆಗಿನವರು ಮರೆಯಾಗುತ್ತಾರೆ. ಮೆರವಣಿಗೆ ಹೊರಡುವ ಜಾಗಕ್ಕೆ ತೀರಾ ಹತ್ತಿರ ಇರಬಾರದು, ಅಲ್ಲಿ ಜನ ಹಿಂದೆ ಮುಂದೆ ಸುತ್ತಾಡುತ್ತಿರುತ್ತಾರೆ. ಕೊನೆಯ ಸಭೆಯ ಹತ್ತಿರವೂ ಬೇಡ. ಅಷ್ಟು ಹೊತ್ತಿಗೆ ಎಷ್ಟೋ ಜನ ಜಾಗ ಖಾಲಿ ಮಾಡಿರುತ್ತಾರೆ. ಎದುರೆದುರು ಇರುವ ಎರಡು ದೀಪದ ಕಂಬಗಳ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳುತ್ತೇನೆ. ಗೆರೆ ದಾಟಿದವರಷ್ಟೇ ಲೆಕ್ಕಕ್ಕೆ.

ಎಲ್ಲರನ್ನೂ ಎಣಿಸೋದು ಆಗದ ಮಾತು. ಐದು ನಿಮಿಷಕ್ಕೆ ಒಂದು ನಿಮಿಷ ಎಣಿಸುತ್ತೇನೆ, ನಾಲ್ಕು ನಿಮಿಷ ಬಿಡುತ್ತೇನೆ. ಕೈಯಲ್ಲಿ ಗುಂಡಿ ಒತ್ತುವ ಕೌಂಟರ್. ಗಡಿಯಾರ ಹೇಳಿದಾಗಲೇ ಶುರು ಮಾಡಬೇಕು, ಇದರಲ್ಲಿ ರಾಜಿ ಇಲ್ಲ. ‘ದೊಡ್ಡ ಗುಂಪು ಬರ್ತಿದೆ, ಈಗ ಎಣಿಸೋಣ’ ಅನ್ನಿಸುತ್ತದೆ. ಆ ಆಸೆಗೆ ಬಿದ್ದರೆ ಲೆಕ್ಕ ಕೆಟ್ಟಿತು. ಒಂದು ಸಲ ನನ್ನ ನಿಮಿಷ ಬಂದಾಗ ರಸ್ತೆಯಲ್ಲಿ ಇದ್ದದ್ದು ಹನ್ನೊಂದು ಜನ ಮತ್ತು ಒಂದು ನಾಯಿ. ಹನ್ನೊಂದೇ ಬರೆದುಕೊಂಡೆ.

ಒಂದು ಮೆರವಣಿಗೆಯ ಲೆಕ್ಕ ಪೂರ್ತಿ ಹೇಳುತ್ತೇನೆ. ಅದು ನಾನಿದ್ದ ಸೇತುವೆ ದಾಟಲು 100 ನಿಮಿಷ ತೆಗೆದುಕೊಂಡಿತು. ಅಂದರೆ ನಾನು ಎಣಿಸಿದ್ದು 20 ನಿಮಿಷ. ಕೌಂಟರ್‌ನಲ್ಲಿ ಒಟ್ಟು 2,490. ಅದೇ ನಿಮಿಷಗಳಲ್ಲಿ ಫೋನಿನಲ್ಲಿ ವಿಡಿಯೋ ಕೂಡ ಓಡುತ್ತಿತ್ತು. ಮನೆಗೆ ಬಂದು ನಾಲ್ಕು ತುಣುಕುಗಳನ್ನು ನಿಧಾನವಾಗಿ ಓಡಿಸಿ ಮತ್ತೆ ಎಣಿಸಿದೆ. ಕೌಂಟರ್‌ಗಿಂತ ಶೇಕಡಾ 10ರಷ್ಟು ಜಾಸ್ತಿ ಬಂತು. ಬ್ಯಾನರ್ ಹಿಂದಿನವರು, ಕೊಡೆ ಕೆಳಗಿನವರು, ಹೆಗಲ ಮೇಲಿನ ಮಕ್ಕಳು ತಪ್ಪಿಹೋಗಿದ್ದರು. ಹಾಗಾಗಿ 2,490 ಅನ್ನು 2,740 ಮಾಡಿಕೊಂಡೆ. ಅದರ ಐದು ಪಟ್ಟು, 13,700.

ಅವತ್ತು ನನ್ನ ಗೆಳೆಯನನ್ನು ಎರಡು ಕಿಲೋಮೀಟರ್ ಮುಂದೆ ನಿಲ್ಲಿಸಿದ್ದೆ. ಅವನೂ ಹೀಗೇ ಎಣಿಸಿ, ವಿಡಿಯೋ ನೋಡಿ ಸರಿಪಡಿಸಿದ. ಅವನಿಗೆ ಸಿಕ್ಕಿದ್ದು 16,200. ನನ್ನ ಮುಖ ನೋಡಿ ನಕ್ಕ. ಯಾರೂ ತಪ್ಪಿರಲಿಲ್ಲ, ನಡುವೆ ಅಡ್ಡರಸ್ತೆಗಳಿಂದ ಜನ ಬಂದು ಸೇರಿದ್ದರು. ಹಾಗಂತ 16,200 ಬರೆದರೂ ಸರಿಯಾಗೋದಿಲ್ಲ. ನನ್ನ ಮುಂದೆ ಹಾದು ಅವನನ್ನು ಮುಟ್ಟದೆ ಹೋದವರ ಗತಿ?

ಈ ಗಂಟು ಬಿಡಿಸುವ ಉಪಾಯವನ್ನು ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಪಾಲ್ ಯಿಪ್ ಮತ್ತು ಸಂಗಡಿಗರ ಕೆಲಸದಿಂದ ಕಲಿತಿದ್ದೆ. ಅವರು ಅಲ್ಲಿ ವರ್ಷ ವರ್ಷ ನಡೆಯುತ್ತಿದ್ದ ಜುಲೈ 1ರ ಪ್ರತಿಭಟನಾ ಮೆರವಣಿಗೆಗಳಿಗೆ ಇದೇ ಬಗೆಯ ಲೆಕ್ಕ ಮಾಡುತ್ತಿದ್ದರು. ಎಣಿಸೋದರ ಜೊತೆಗೆ ಕೇಳಬೇಕು. ಗೆಳೆಯನ ಜೊತೆಗಿದ್ದ ಹುಡುಗಿ ಮೂವತ್ತರಲ್ಲಿ ಒಬ್ಬರು, ಮೂವತ್ತರಲ್ಲಿ ಒಬ್ಬರು ಅಂತ ಹಾದುಹೋಗುವವರನ್ನು ಆರಿಸಿ ಕೇಳಿದಳು: ‘ಆ ಸೇತುವೆ ಕೆಳಗೆ ನಡ್ಕೊಂಡು ಬಂದ್ರಾ?’ ಉತ್ತರ ಕೊಟ್ಟವರು 60. ಹೌದು ಅಂದವರು 45. ಅಂದರೆ ಮುಕ್ಕಾಲು ಪಾಲು. ಹಾಗಾದರೆ ಅವನು ಎಣಿಸಿದ 16,200ರಲ್ಲಿ ಕಾಲು ಭಾಗ, ಅಂದರೆ 4,050 ಜನ, ನನ್ನ ಸೇತುವೆ ದಾಟಿದ ಮೇಲೆ ಸೇರಿದವರು. ನನ್ನ 13,700ಕ್ಕೆ ಅದನ್ನು ಕೂಡಿಸಿದರೆ 17,750.

60 ಜನರ ಮಾತು ಅಂದರೆ ತುಂಬಾ ಚಿಕ್ಕ ಮಾದರಿ. ಆ ಮುಕ್ಕಾಲು ಅನ್ನೋದು ಹತ್ತು ಶೇಕಡಾ ಆಚೀಚೆ ಆರಾಮಾಗಿ ಹೋಗುತ್ತದೆ. ಅದಕ್ಕೇ ‘16ರಿಂದ 20 ಸಾವಿರ’ ಅಂತ ಬರೆದೆ. ನಡುವೆ ಸೇರಿ ನಡುವೆಯೇ ಬಿಟ್ಟವರು ಇದರಲ್ಲಿ ಬರೋದಿಲ್ಲ. ಅದನ್ನೂ ಒಂದು ಸಾಲಿನಲ್ಲಿ ಹೇಳಿದೆ.

ಸಂಘಟಕರು ಮೈಕಿನಲ್ಲಿ ಒಂದು ಲಕ್ಷ ಅನ್ನುತ್ತಿದ್ದರು. ಎಣಿಸದೇ ಇದ್ದರೂ ಇದನ್ನು ಕೂತಲ್ಲೇ ಪರೀಕ್ಷಿಸಬಹುದಿತ್ತು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ದಾಟಬಹುದು ಅಂತ ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿ ಲೆಕ್ಕ ಇಡುತ್ತದೆ. ನನ್ನ ರಸ್ತೆಯ ಅಗಲ 12 ಮೀಟರ್, ಹಿಂದಿನ ದಿನವೇ ಹೆಜ್ಜೆ ಹಾಕಿ ಅಳೆದಿದ್ದೆ. ಅಂದರೆ ನಿಮಿಷಕ್ಕೆ ಹೆಚ್ಚೆಂದರೆ 984. ಒಂದು ಲಕ್ಷ ಜನ ದಾಟಲು ರಸ್ತೆ ಗೋಡೆಯಿಂದ ಗೋಡೆಗೆ ತುಂಬಿ, ಯಾರೂ ನಿಲ್ಲದೆ, ಘೋಷಣೆ ಕೂಗಲು ತಿರುಗದೆ, ಸೆಲ್ಫಿ ತೆಗೆಯದೆ 100 ನಿಮಿಷಕ್ಕಿಂತ ಜಾಸ್ತಿ ಹರಿಯುತ್ತಲೇ ಇರಬೇಕಿತ್ತು. ನಾನು ನೋಡಿದ್ದು ಅರ್ಧ ರಸ್ತೆ ಖಾಲಿ ಇದ್ದ ಮೆರವಣಿಗೆ.

ನಿಂತ ಸಭೆಗಳಿಗೆ ಈಗಲೂ ಜೇಕಬ್ಸ್ ಚೌಕಗಳನ್ನೇ ಹಿಡಿಯುತ್ತೇನೆ. ಒತ್ತು ಎಷ್ಟು ಅನ್ನೋದನ್ನು ಮೈಯೇ ಹೇಳುತ್ತದೆ. ಚದರ ಮೀಟರಿಗೆ ಒಬ್ಬರಿದ್ದರೆ ಕೈ ಬೀಸಿಕೊಂಡು ಓಡಾಡಬಹುದು. ಇಬ್ಬರಿದ್ದರೆ ‘ಸ್ವಲ್ಪ ದಾರಿ ಬಿಡಿ’ ಅನ್ನಬೇಕು. ನಾಲ್ವರಾದರೆ ಹೆಗಲು ಅಡ್ಡ ತಿರುಗಿಸಿ ನುಸುಳಬೇಕು. ಐದು ದಾಟಿ, ಜನ ತಳ್ಳಿದ ಕಡೆಗೆ ಕಾಲು ಹೋಗಲು ಶುರುವಾದರೆ ಎಣಿಸುವುದನ್ನು ಬಿಟ್ಟು ಅಂಚಿಗೆ ಬನ್ನಿ. ಅಲ್ಲಿ ಜೀವಕ್ಕೇ ಅಪಾಯ.

ಇಷ್ಟೆಲ್ಲ ಮಾಡಿಯೂ ಒಂದೇ ಸಂಖ್ಯೆ ಯಾಕೆ ಕೊಡೋದಿಲ್ಲ ಅಂತ ಕೇಳುವವರಿದ್ದಾರೆ. 1995ರಲ್ಲಿ ವಾಷಿಂಗ್ಟನ್ನಿನಲ್ಲಿ ಹತ್ತು ಲಕ್ಷ ಗಂಡಸರನ್ನು ಸೇರಿಸಲು ಕರೆದಿದ್ದ ಮಿಲಿಯನ್ ಮ್ಯಾನ್ ಮಾರ್ಚ್‌ಗೆ ಅಲ್ಲಿನ ಪಾರ್ಕ್ ಇಲಾಖೆ 4 ಲಕ್ಷ ಅಂದಿತು. ಸಂಘಟಕರು ಕೋರ್ಟಿಗೆ ಹೋಗುತ್ತೇವೆ ಅಂದರು. ಫೋಟೋಗಳನ್ನು ಮತ್ತೆ ಎಣಿಸಿದ ಬಾಸ್ಟನ್ ವಿಶ್ವವಿದ್ಯಾಲಯದ ಫಾರೂಕ್ ಎಲ್-ಬಾಜ್ ತಂಡ 8,37,000 ಅಂದಿತು, ಅದೂ ಶೇಕಡಾ 20 ಆಚೀಚೆ ಅಂತ ಹೇಳಿಯೇ. ಫೋಟೋ ಮುಂದಿಟ್ಟುಕೊಂಡು ಪುರುಸೊತ್ತಿನಲ್ಲಿ ಎಣಿಸಿದವರಿಗೇ ಅಷ್ಟು ಅಂತರ ಬೇಕಾಯಿತು.

ನನ್ನ ‘16ರಿಂದ 20 ಸಾವಿರ’ ಮರುದಿನ ಅಚ್ಚಾಗಿದ್ದು ಹೀಗೆ: ‘20 ಸಾವಿರ ಜನ’. ಜಾಗ ಸಾಲಲಿಲ್ಲವಂತೆ. ಆಮೇಲಿಂದ ಎರಡೂ ಸಂಖ್ಯೆಗಳನ್ನು ಒಂದೇ ವಾಕ್ಯದೊಳಗೆ ಹೆಣೆದು ಬರೆಯುತ್ತೇನೆ, ‘16 ಸಾವಿರಕ್ಕೆ ಕಡಿಮೆ ಇಲ್ಲ, 20 ಸಾವಿರ ದಾಟಿಲ್ಲ’ ಅಂತ. ಅದನ್ನು ಕತ್ತರಿಸೋದು ಸ್ವಲ್ಪ ಕಷ್ಟ.