ನೀಡಲ್‌ಪಾಯಿಂಟ್ ಕ್ರಿಸ್‌ಮಸ್ ಅಲಂಕಾರ: ಆರಿಸುವುದು, ತೂಗುಹಾಕುವುದು, ಕಾಪಾಡುವುದು

ಜಾಳಿಗೆಯಂಥ ಗಟ್ಟಿ ಹತ್ತಿ ಕ್ಯಾನ್ವಾಸಿನ ಕಣ್ಣುಗಳನ್ನೆಲ್ಲ ದಾರದಿಂದ ತುಂಬುವ ಕೈಕೆಲಸವೇ ನೀಡಲ್‌ಪಾಯಿಂಟ್. ದೇವದೂತ, ನಕ್ಷತ್ರ, ಗೋದಲಿಯ ಕುರಿಮರಿ ಹೀಗೆ ಅಂಗೈಯಗಲದ ತುಣುಕುಗಳನ್ನು ಕ್ರಿಸ್‌ಮಸ್ ಮರಕ್ಕೆ ಕಟ್ಟುತ್ತಾರೆ. ಇಂಚಿಗೆ 18 ಕಣ್ಣಿರುವ ಕ್ಯಾನ್ವಾಸಿನಲ್ಲಿ 4 ಇಂಚಿನ ಚೌಕ ತುಂಬಲು 5,184 ಹೊಲಿಗೆ ಬೇಕು. ಕೊಳ್ಳುವವರು ಅಷ್ಟು ಶ್ರಮಕ್ಕೆ ತಕ್ಕಂತೆ ನಿಧಾನವಾಗಿ ನೋಡಿ ಆರಿಸಬೇಕು.

ಮೊದಲು ಬೆಳಕಿಗೆ ಹಿಡಿಯಿರಿ. ಹೊಲಿಗೆಗಳ ನಡುವೆ ಬಿಳಿ ಇಣುಕಿದರೆ ದಾರ ತೆಳುವಾಗಿದೆ, ಇಲ್ಲವೇ ಬಿಗಿದು ಎಳೆದಿದ್ದಾರೆ. ಓರೆ ಹೊಲಿಗೆಗಳೆಲ್ಲ ಒಂದೇ ದಿಕ್ಕಿಗೆ ವಾಲಿರಬೇಕು. ಹಿಂಬದಿ ತೆರೆದಿದ್ದರೆ ತಿರುಗಿಸಿ ನೋಡಿ. ನಮ್ಮ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಂತೆ ಇದು ಎರಡೂ ಬದಿ ಒಂದೇ ಥರ ಕಾಣುವ ಕೆಲಸವಲ್ಲ. ಆದರೆ ಹಿಂದೆ ಬುಟ್ಟಿ ಹೆಣೆದಂತೆ ಕಂಡರೆ ಒಳ್ಳೆಯ ಲಕ್ಷಣ. ಆ ಬಗೆಯ ಹೊಲಿಗೆಯಲ್ಲಿ ಕ್ಯಾನ್ವಾಸ್ ಸೊಟ್ಟಗಾಗುವುದು ತೀರಾ ಕಡಿಮೆ. ಬರೀ ಅಡ್ಡಸಾಲಿನಲ್ಲಿ ಹೊಲಿದ ಚೌಕ ಒಂದು ಮೂಲೆಗೆ ಎಳೆದುಕೊಂಡಿರುತ್ತದೆ.

ಹಿಂಬದಿ ಮುಚ್ಚದ ತುಣುಕು ಸಿಕ್ಕರೆ ಬಿಡಬೇಡಿ, ಅದರ ಹಿಂಬದಿಗೆ ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆ, ಬಹಳ ಒಪ್ಪುತ್ತದೆ. ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಒತ್ತಿ, ಬಣ್ಣ ಬಿಡುತ್ತದೆಯೇ ಪರೀಕ್ಷಿಸಿ. ಬಿಡದಿದ್ದರೆ ತುಸು ನೀರು ಚಿಮುಕಿಸಿ, ದಪ್ಪ ರಟ್ಟಿನ ಮೇಲೆ ಚೌಕಕ್ಕೆ ಎಳೆದು, ತುಕ್ಕು ಹಿಡಿಯದ ಪಿನ್ ಚುಚ್ಚಿ ಪೂರ್ತಿ ಒಣಗಿಸಿ. ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿ. ಖಣದ ಅಂಚು ಎಳೆ ಬಿಡುತ್ತದೆ, ಆದ್ದರಿಂದ ಇಸ್ತ್ರಿ ಶಾಖಕ್ಕೆ ಅಂಟುವ ತೆಳು ಲೈನಿಂಗ್ ಮೊದಲೇ ಹಚ್ಚಿ. ಎರಡರ ಮೇಲ್ಮೈಗಳನ್ನು ಎದುರುಬದುರು ಇಟ್ಟು, ಒಂದೂವರೆ ಇಂಚು ಬಾಯಿ ಬಿಟ್ಟು ಹೊಲಿಯಿರಿ. ತಿರುಗಿಸಿ, ಪಾಲಿಯೆಸ್ಟರ್ ಹತ್ತಿ ತುಂಬಿ, ಬಾಯಿ ಮುಚ್ಚಿ. ಅಕ್ಕಿ, ಮರದ ಹೊಟ್ಟು ತುಂಬಿದರೆ ಹುಳುವಿಗೆ ಆಹ್ವಾನ ಕೊಟ್ಟಂತೆ. ತೂಗುದಾರವನ್ನು ಅಂಚಿನ ಹೊಲಿಗೆಗೇ ಕಟ್ಟಬೇಕು. ಚಿತ್ರದ ದಾರಕ್ಕೆ ಕಟ್ಟಿದರೆ ಭಾರಕ್ಕೆ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ.

ಹೊಲಿದವರ ಹೆಸರು, ಊರು, ವರ್ಷ ಬರೆದ ಪುಟ್ಟ ಬಟ್ಟೆಪಟ್ಟಿಯನ್ನು ಹಿಂದೆ ನಾಲ್ಕು ಹೊಲಿಗೆ ಹಾಕಿ ಸೇರಿಸಿ. ಅಂಟು ಬೇಡ, ಹಳದಿ ಕಲೆ ಬೀಳುತ್ತದೆ.

ಮರದಲ್ಲಿ ಭಾರದ ತುಣುಕು ಕಾಂಡದ ಹತ್ತಿರ, ಹಗುರವಾದದ್ದು ತುದಿಗೆ. ಕ್ರಿಸ್‌ಮಸ್ ಮರವಾಗಿ ಕುಂಡದಲ್ಲಿಟ್ಟ ಅರಕೇರಿಯಾ ಗಿಡಕ್ಕೆ ನೀರು ಹಾಕುವಾಗ ಕೆಳಸಾಲಿನ ತುಣುಕುಗಳಿಗೆ ಸಿಡಿಯದಂತೆ ನೋಡಿಕೊಳ್ಳಿ, ನೆನೆದರೆ ಕ್ಯಾನ್ವಾಸಿನ ಗಂಜಿ ಕರಗಿ ಆಕಾರ ಕೆಡುತ್ತದೆ. ಬಿಸಿಯಾಗುವ ಬಲ್ಬ್ ಬದಲು ಎಲ್‌ಇಡಿ ಸರ ಬಳಸಿ. ವರ್ಷವಿಡೀ ಗೋಡೆಯ ಮೇಲಿಡುವುದಾದರೆ, ಬಿಸಿಲು ನೇರ ಬೀಳದ ಕಡೆ, ಗಾಜು ದಾರಕ್ಕೆ ತಾಗದಷ್ಟು ಆಳದ ಚೌಕಟ್ಟು ಬೇಕು. ತೇವ ಗಾಜಿನ ಒಳಮುಖದಲ್ಲಿ ಕೂತು ದಾರಕ್ಕೆ ಅಂಟಿದರೆ ಬೂಸ್ಟು ಬರುತ್ತದೆ.

ಹಬ್ಬ ಮುಗಿದ ಮೇಲೆ ಮೃದು ಬ್ರಷ್‌ನಿಂದ ಧೂಳು ತೆಗೆದು ಎತ್ತಿಡಿ. ವಿಜಯಪುರ, ಬಾಗಲಕೋಟೆಯ ಕಡೆ ಧೂಳೇ ಮುಖ್ಯ ಶತ್ರು. ಒಗೆದು ಗಂಜಿ ಬಿಡಿಸಿದ ಬಿಳಿ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿದರೆ ಸಾಕು. ಬೆಳಗಾವಿಯ ಮಳೆಗಾಲ ಹಾಗಲ್ಲ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಹೊರಗೋಡೆಗೆ ತಾಗಿದ ಕಪಾಟು ಬೇಡ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆರೆದು ನೋಡಿ. ಜರಿ ಇರುವ ತುಣುಕಿಗೆ ನುಸಿಗುಳಿಗೆ ತಾಗಬಾರದು.

ಉಣ್ಣೆ ದಾರದಲ್ಲಿ ಹೊಲಿದ ತುಣುಕಿನಲ್ಲಿ ಹುಳು ತಿಂದ ಸಣ್ಣ ತೂತು ಕಂಡರೆ ಅದನ್ನು ಬೇರ್ಪಡಿಸಿ, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ತಣ್ಣಗಿರುವಾಗಲೇ ತೆರೆದರೆ ಉಣ್ಣೆಯ ಮೇಲೆ ನೀರಹನಿ ಕೂರುತ್ತದೆ.